ತಂತಿಯಿಂದ ಇಳಿಸಿದ ಕಾರ್ಡುಗಳು: ಮಲ್ಪೆಯ ಮನೆಯೊಂದರ ದುರಸ್ತಿ ದಿನಚರಿ

ಕೆಲಸ ಮುಗಿದು ಮೂರು ವಾರವಾಯಿತು. ಮರೆಯುವ ಮುನ್ನ ಬರೆದಿಡುತ್ತಿದ್ದೇನೆ. ನಮ್ಮ ಕರಾವಳಿಯ ಮನೆಗಳ ಅಟ್ಟಗಳಲ್ಲಿ ಇಂಥ ಕಾರ್ಡಿನ ಕಟ್ಟುಗಳು ಇನ್ನೂ ತೂಗುತ್ತಿವೆ. ಅವನ್ನು ಇಳಿಸಲು ಹೊರಟವರು ನಾನು ಹರಿದಷ್ಟು ಹರಿಯದಿರಲಿ ಎಂದು ಎಲ್ಲ ತಪ್ಪುಗಳನ್ನೂ ತಾರೀಖಿನ ಸಮೇತ ಹೇಳಿದ್ದೇನೆ.

ಜುಲೈ 14: ತಂತಿ

ಮಲ್ಪೆಯ ತರವಾಡು (ಕುಟುಂಬದ ಮೂಲ) ಮನೆಯ ಮಾಡು ಸೋರುತ್ತಿದೆ ಎಂದು ಹಂಚು ಸರಿಪಡಿಸಲು ಹತ್ತಿದಾಗ ಸಿಕ್ಕಿದ್ದು ಇದು. ಅಡಿಗೆಮನೆಯ ಅಟ್ಟದ ತೊಲೆಗೆ ಕೊಕ್ಕೆಯಂತೆ ಬಗ್ಗಿಸಿದ ಒಂದು ಕಬ್ಬಿಣದ ತಂತಿ, ಅದಕ್ಕೆ ಚುಚ್ಚಿ ಪೋಣಿಸಿದ ಅಂಚೆ ಕಾರ್ಡುಗಳು. ಮೇಲೆ ಬೆರಳು ದಪ್ಪದ ಮಸಿ. ಕೆಳಗಿನವು ಹಳೆಯವು, ಮೇಲಿನವು ಹೊಸವು. ಬಂದ ಕಾರ್ಡನ್ನು ಓದಿ ಹಾಗೆಯೇ ತಂತಿಗೆ ಚುಚ್ಚುತ್ತಿದ್ದರು. ಹಾಗಾಗಿ ನಲವತ್ತು ವರ್ಷಗಳ ಕಾಗದಪತ್ರ ಬಂದ ಕ್ರಮದಲ್ಲೇ ಉಳಿದಿತ್ತು.

ಮೊದಲ ತಪ್ಪು ಅಲ್ಲೇ ಆಯಿತು. ಕಾರ್ಡುಗಳನ್ನು ಒಂದೊಂದಾಗಿ ಮೇಲಕ್ಕೆ ಎಳೆದು ತೆಗೆಯಲು ಹೋದೆ. ತಂತಿಗೆ ತುಕ್ಕು ಹಿಡಿದು ಮೈಯೆಲ್ಲ ಗರಗಸದಂತಾಗಿತ್ತು. ಮೂರು ಕಾರ್ಡುಗಳು ತೂತಿನಿಂದ ಅಂಚಿನವರೆಗೆ ಸೀಳಿದವು. ನಾಲ್ಕನೆಯದಕ್ಕೆ ಕೈ ಹಾಕದೆ ಇಳಿದು ಬಂದೆ.

ಮರುದಿನ ಕಟಿಂಗ್ ಪ್ಲಾಯರ್ ತಂದು ತಂತಿಯನ್ನೇ ತುಂಡು ಮಾಡಿದೆ. ಸುಮಾರು ಹತ್ತು ಕಾರ್ಡಿಗೊಂದು ಕತ್ತರಿ. ಪ್ರತಿ ತುಂಡನ್ನೂ ಕೆಳಮುಖ ಹಿಡಿದು, ತಂತಿಗೆ ಮೇಣದ ಬತ್ತಿ ಉಜ್ಜಿ, ಕಾರ್ಡನ್ನು ಎಳೆಯುವ ಬದಲು ತಂತಿಯನ್ನು ಮೆಲ್ಲನೆ ತಿರುಗಿಸುತ್ತ ಹೊರತೆಗೆದೆ. ಇನ್ನೊಂದೂ ಹರಿಯಲಿಲ್ಲ. ಕ್ರಮ ತಪ್ಪದಂತೆ ಪ್ರತಿ ಗುಂಪನ್ನೂ ಬೇರೆ ಲಕೋಟೆಯಲ್ಲಿ ಹಾಕಿ 1, 2, 3 ಎಂದು ಪೆನ್ಸಿಲಿನಲ್ಲಿ ಬರೆದೆ. ಈ ಒಂದು ಎಚ್ಚರಿಕೆ ಮುಂದೆ ಬಹಳ ಉಪಕಾರಕ್ಕೆ ಬಂತು.

ಎಣಿಸಿದಾಗ 163. ಅದರಲ್ಲಿ 154 ಸಾದಾ ಅಂಚೆ ಕಾರ್ಡು. ಉಳಿದ 9 ಚಿತ್ರದ ಕಾರ್ಡುಗಳು ತಂತಿಯಲ್ಲಿರಲಿಲ್ಲ. ಅದೇ ಅಟ್ಟದ ತಗಡಿನ ಪೆಟ್ಟಿಗೆಯಲ್ಲಿ, ಒಂದು ಹಳೆಯ ಪಂಚಾಂಗದ ಹಾಳೆಗಳ ನಡುವೆ ಇದ್ದವು.

ಜುಲೈ 16 ರಿಂದ 30: ತೇವ

ಆಟಿ ತಿಂಗಳ ಮಳೆಯಲ್ಲಿ ಈ ಕೆಲಸ ಶುರು ಮಾಡಬಾರದಿತ್ತು. 450 ರೂಪಾಯಿಯ ತೇವಮಾಪಕ ತಂದು ಕೋಣೆಯಲ್ಲಿಟ್ಟರೆ ಶೇಕಡಾ 88 ತೋರಿಸಿತು. ಅಡಿಗೆಮನೆಯ ಹೊಗೆ ಇಷ್ಟು ವರ್ಷ ಕಾರ್ಡುಗಳನ್ನು ಒಣಗಿಸಿ, ಹುಳ ಬಾರದಂತೆ ಕಾದಿತ್ತು. ಕೆಳಗಿಳಿಸಿ ಮೇಜಿನ ಮೇಲಿಟ್ಟ ನಾಲ್ಕನೆಯ ದಿನಕ್ಕೆ ಲಕೋಟೆ 6ರಲ್ಲಿ ಬೂಸ್ಟು ಕಾಣಿಸಿತು.

ಒಂದು ಬಿಸಿಲು ಬಿದ್ದ ಮಧ್ಯಾಹ್ನ ಗಡಿಬಿಡಿಯಲ್ಲಿ ಅಂಗಳದಲ್ಲಿ ಹರವಿದೆ. ಇದು ಎರಡನೆಯ ತಪ್ಪು. ಸಾದಾ ಕಾರ್ಡುಗಳು ಹಪ್ಪಳದಂತೆ ಸುರುಳಿಯಾದವು. ಚಿತ್ರದ ಕಾರ್ಡುಗಳಲ್ಲಿ ಒಂದು, ನಿಜವಾದ ಫೋಟೋ ಕಾಗದದ್ದು, ಮೇಲ್ಪದರದಲ್ಲಿ ಕೂದಲಿನಷ್ಟು ತೆಳ್ಳಗೆ ಬಿರುಕು ಬಿಟ್ಟಿತು. ಆ ಬಿರುಕು ಇನ್ನು ಸರಿಯಾಗುವುದಿಲ್ಲ.

ಸರಿಹೋದ ವಿಧಾನ ಇಷ್ಟು. ಗಾಳಿಯಾಡದ ಎರಡು ಡಬ್ಬಿ (640 ರೂಪಾಯಿ), ಬಟ್ಟೆಯ ಚೀಲದಲ್ಲಿ ಕಟ್ಟಿದ, ತೇವ ಹೀರುವ ಒಂದು ಕಿಲೋ ಸಿಲಿಕಾ ಜೆಲ್ (380). ಕಾರ್ಡುಗಳನ್ನು ಬ್ಲಾಟಿಂಗ್ ಕಾಗದದ ನಡುವೆ ಸಡಿಲವಾಗಿ ಜೋಡಿಸಿ ಮುಚ್ಚಿದೆ. ಮಾಪಕವೂ ಒಳಗೇ. ಮೂರು ದಿನದಲ್ಲಿ 55ಕ್ಕೆ ಇಳಿಯಿತು. ಬಣ್ಣ ಬದಲಾದ ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಬಳಸಿದೆ. ಅಡಿಗೆಗೆ ಬಳಸುವ ಬಾಣಲೆ ಬೇಡ, ಇದಕ್ಕೇ ಬೇರೆ ಇಡಿ. ಬೂಸ್ಟನ್ನು ಒಣಗಿದ ಮೇಲೆ ಜಗಲಿಯಲ್ಲಿ ಮಾಸ್ಕ್ ಕಟ್ಟಿಕೊಂಡು ಮೆತ್ತನೆಯ ಬ್ರಷ್‌ನಿಂದ ಒಂದೇ ದಿಕ್ಕಿಗೆ ಗುಡಿಸಿದೆ. ಹಸಿಯಿದ್ದಾಗ ಒರೆಸಿದರೆ ಅದು ಕಾಗದದೊಳಗೆ ಇಳಿಯುತ್ತದೆ; ಒಂದು ಕಾರ್ಡಿನಲ್ಲಿ ಹಾಗೆ ಮಾಡಿ ಹಸಿರು ಕಲೆ ಉಳಿಸಿಕೊಂಡೆ.

ಮಸಿಯನ್ನು ಪೂರ್ತಿ ತೆಗೆಯಲಿಲ್ಲ. ಮುಟ್ಟಿದರೆ ಕೈಗೆ ಅಂಟುವಷ್ಟನ್ನು ಮಾತ್ರ ತೆಗೆದೆ.

ಆಗಸ್ಟ್ 5 ರಿಂದ 21: ಅಂಟಿದವು, ತೂತಾದವು

ಹನ್ನೊಂದು ಜೋಡಿಗಳು ಒಂದಕ್ಕೊಂದು ಅಂಟಿದ್ದವು. ಅದರಲ್ಲಿ ಕೆಲವಕ್ಕೆ ಅಂಟಾಗಿದ್ದುದು ಮೀನೆಣ್ಣೆ. ದೋಣಿಗೆ ಹಚ್ಚಲು ತಂದ ಬೂತಾಯಿ ಮೀನಿನ ಎಣ್ಣೆಯ ಕೈಯಲ್ಲೇ ಯಾರೋ ಕಾರ್ಡು ಹಿಡಿದಿರಬೇಕು. ಎಣ್ಣೆ ತಾಗಿದ ಕಡೆ ಕಾಗದ ಪಾರದರ್ಶಕವಾಗಿ, ಹಿಂದಿನ ಅಕ್ಷರ ಮುಂದಕ್ಕೆ ಕಾಣುತ್ತದೆ. ಎಂಟು ದಶಕ ಕಳೆದರೂ ಮೂಗಿನ ಹತ್ತಿರ ಹಿಡಿದರೆ ವಾಸನೆ ಇದೆ.

ಮೊದಲ ಜೋಡಿಯನ್ನು ಕೆಟಲಿನ ಹಬೆಗೆ ಹಿಡಿದೆ. ಶಾಯಿ ಹರಡಿತು, ಮೇಲಿನ ಕಾರ್ಡಿನ ಪದರ ಕೆಳಗಿನದಕ್ಕೆ ಅಂಟಿಕೊಂಡೇ ಬಂತು. ಎರಡೂ ಹಾಳು. ನಂತರ ಮಾಡಿದ್ದು: ದೊಡ್ಡ ಡಬ್ಬಿಯ ತಳದಲ್ಲಿ ಒದ್ದೆ ಬ್ಲಾಟಿಂಗ್ ಕಾಗದ, ಅದಕ್ಕೆ ತಾಗದಂತೆ ಮೇಲೆ ಪ್ಲಾಸ್ಟಿಕ್ ಜಾಲರಿ, ಜಾಲರಿಯ ಮೇಲೆ ಜೋಡಿ. ಮುಚ್ಚಿ ಎಂಟು ಗಂಟೆ ಬಿಟ್ಟು, ಪ್ರತಿ ಗಂಟೆ ನೋಡುತ್ತಿರುವುದು. ಆಮೇಲೆ ಮೂಲೆಯಿಂದ ಹಲ್ಲಿನ ದಾರ ತೂರಿಸಿ ಕೂದಲೆಳೆಯಷ್ಟೇ ಮುಂದೆ ಸರಿಸುವುದು. ಹತ್ತರಲ್ಲಿ ಎಂಟು ಜೋಡಿ ಬಿಟ್ಟವು. ಎರಡನ್ನು ಅಂಟಿದಂತೆಯೇ ಉಳಿಸಿದ್ದೇನೆ.

ಸೀಳಿದ ಮೂರು ಕಾರ್ಡಿಗೆ ತೆಳು ಟಿಶ್ಯೂ ಕಾಗದ ಹಚ್ಚಿ ಜೋಡಿಸಿದೆ. ಮೊದಲನೆಯದಕ್ಕೆ ಪುಸ್ತಕ ಕಟ್ಟುವವರಲ್ಲಿ ಸಿಗುವ ಅಂಟು ಬಳಸಿದ್ದೆ. ಅದರಲ್ಲಿ ಹುಳ ಬಾರದಿರಲೆಂದು ಮೈಲುತುತ್ತ ಹಾಕಿರುತ್ತಾರೆ. ಒಣಗಿದ ಮೇಲೆ ನೀಲಿ ಛಾಯೆ ಬಂತು. ಉಳಿದೆರಡಕ್ಕೆ ಮನೆಯಲ್ಲೇ ಕಾಯಿಸಿ ಸೋಸಿದ ಬರೀ ಮೈದಾ ಗಂಜಿ. ಸೆಲ್ಲೊಟೇಪ್ ಯಾವ ಕಾರಣಕ್ಕೂ ಬೇಡ. ಹಿಂದೆ ಯಾರೋ ಹಚ್ಚಿದ ಟೇಪಿನ ಹಳದಿ ಗುರುತನ್ನು ತೆಗೆಯಲಾಗದೆ ಬಿಟ್ಟಿದ್ದೇನೆ.

ತಂತಿಯ ತೂತುಗಳನ್ನು ಮುಚ್ಚಬೇಕೆಂದು ಒಂದು ಕಾರ್ಡಿನಲ್ಲಿ ತುಂಡು ಕೂರಿಸಿ ನೋಡಿದೆ. ಚೆನ್ನಾಗಿಯೇ ಬಂತು. ಆದರೆ ಕಾರ್ಡು ಆ ಮನೆಯದೆಂದು ಅನ್ನಿಸಲಿಲ್ಲ. ತೂತಿನ ಸುತ್ತ ತುಕ್ಕಿನ ಕೆಂಪು ಉಂಗುರ, ಅದರ ಅಂಚಿನಲ್ಲಿ ಮಸಿಯ ಕಪ್ಪು: ಓದಿಸಿಕೊಂಡು ಕೇಳಿ, ಎದ್ದು ಹೋಗಿ ಚುಚ್ಚಿದ ಅಜ್ಜಿಯ ಕೈ ಅಲ್ಲಿದೆ. ಕೂರಿಸಿದ ತುಂಡನ್ನು ತೆಗೆದೆ. ಉಳಿದ ಯಾವ ತೂತನ್ನೂ ಮುಟ್ಟಲಿಲ್ಲ.

ಶೇಖರಣೆಗೆ ಮೊದಲು ತಂದ ಪಿವಿಸಿ ಹಾಳೆಗಳ ಆಲ್ಬಮ್ (560) ಎರಡೇ ವಾರದಲ್ಲಿ ಜಿಗುಟಾಯಿತು, ಅದನ್ನು ಬದಿಗಿಟ್ಟೆ. ಪಾಲಿಯೆಸ್ಟರ್ ಹೊದಿಕೆ 200ಕ್ಕೆ 2,600 ಕೊಟ್ಟೆ. ಇಡೀ ಕೆಲಸದಲ್ಲಿ ಕಣ್ಣು ಮುಚ್ಚಿ ಕೊಡಬಹುದಾದ ಹಣ ಇದೊಂದೇ.

ಆಗಸ್ಟ್ 24 ರಿಂದ ಸೆಪ್ಟೆಂಬರ್ 12: ಕಾಲ ಹಚ್ಚುವುದು

ನಮ್ಮದು ಅಳಿಯಸಂತಾನದ ಮನೆ, ಅಂದರೆ ತಾಯಿಯ ಕಡೆಯಿಂದ ವಂಶ ಹಿಡಿಯುವ ಮನೆ. ಸಾದಾ ಕಾರ್ಡುಗಳಲ್ಲಿ ಹೆಚ್ಚಿನವು ಅಜ್ಜಿಯ ಅಣ್ಣ ಮುಂಬಯಿಯಿಂದ ಬರೆದವು. ನಾವೆಲ್ಲ ಅವರನ್ನು ಬೊಂಬಾಯಿ ಅಜ್ಜ ಎನ್ನುತ್ತಿದ್ದೆವು. ಮೊದಲ ಕಾರ್ಡು 1938ರದ್ದು, ಕೊನೆಯದು 1981ರದ್ದು. ಮನೆಯಲ್ಲಿ ಆಡುವ ಮಾತು ತುಳು, ಕಾರ್ಡಿನಲ್ಲಿ ಬರೆಯುವುದು ಕನ್ನಡ. ಮೇಲೆ ಶ್ರೀ, ಕೆಳಗೆ ಇತ್ತ ಕ್ಷೇಮ, ಆಮೇಲೆ ನೇರವಾಗಿ ಹಣದ ವಿಷಯ. ಮಲ್ಪೆ, ಉಳ್ಳಾಲ, ಬೈಕಂಪಾಡಿಯ ಕಡಲ ತಡಿಯಿಂದ ಮುಂಬಯಿಗೆ ಹೋದ, ಮೀನುಗಾರರಾದ ಮೊಗವೀರರು ಅಲ್ಲಿ ತಮ್ಮ ವ್ಯವಸ್ಥಾಪಕ ಮಂಡಳಿಯನ್ನು 1902ರಲ್ಲೇ ಕಟ್ಟಿಕೊಂಡಿದ್ದರು. ಅಜ್ಜ ಹೋಗುವ ಹೊತ್ತಿಗೆ ಊರಿನವರು ಅಲ್ಲಿ ಮೊದಲೇ ಇದ್ದರು.

ಅರ್ಧದಷ್ಟು ಕಾರ್ಡುಗಳಲ್ಲಿ ತಾರೀಖು ಇಲ್ಲ, ಅಂಚೆ ಮುದ್ರೆಯೂ ಮಸಕು. ಆಗ ನಾನು ಹಿಡಿದ ಗುರುತುಗಳು ಇವು. ಆರನೆಯ ಜಾರ್ಜನ ಮುಖ, 9 ಪೈ ಬೆಲೆ ಎಂದಿದ್ದರೆ ಸ್ವಾತಂತ್ರ್ಯದ ಆಸುಪಾಸಿನದು ಅಥವಾ ಅದಕ್ಕೆ ಮೊದಲಿನದು. ನಯೇ ಪೈಸೆ ಎಂದಿದ್ದರೆ 1957ರ ಏಪ್ರಿಲ್ ನಂತರದ್ದು. 1964ರಲ್ಲಿ ಆ ನಯೇ ಬಿದ್ದುಹೋಯಿತು. ವಿಳಾಸದಲ್ಲಿ ಮದ್ರಾಸು ಇದ್ದರೆ 1956ರ ನವೆಂಬರ್‌ಗೆ ಮುಂಚಿನದು, ಮೈಸೂರು ರಾಜ್ಯ ಎಂದಿದ್ದರೆ ಅದರ ನಂತರದ್ದು, ಕರ್ನಾಟಕ ಬಂದರೆ 1973ರ ಈಚಿನದು. ಆರಂಕಿಯ ಪಿನ್‌ಕೋಡ್ 1972ರ ಆಗಸ್ಟ್ 15ಕ್ಕೆ ಜಾರಿಗೆ ಬಂತು. ಆದರೆ ಅಜ್ಜ ಹಳೆಯ ಅಭ್ಯಾಸ ಬಿಡದೆ 1958ರ ಒಂದು ಕಾರ್ಡಿನಲ್ಲೂ ಮದ್ರಾಸು ಎಂದೇ ಬರೆದಿದ್ದಾರೆ. ಒಂದೇ ಗುರುತನ್ನು ನಂಬಿ ನಾಲ್ಕು ಕಾರ್ಡುಗಳನ್ನು ತಪ್ಪು ದಶಕಕ್ಕೆ ಹಾಕಿದ್ದೆ. ತಂತಿಯ ಲಕೋಟೆಗಳ ಕ್ರಮ ಇದ್ದುದರಿಂದ ಸಿಕ್ಕಿಬಿದ್ದೆ. ಎರಡು ಗುರುತು ಒಂದೇ ಮಾತು ಹೇಳುವವರೆಗೆ ಇಸವಿ ಬರೆಯಬಾರದು.

ಲಕೋಟೆ 3ರಲ್ಲಿ 1944ರ ಏಪ್ರಿಲ್ 17ರ ಮುದ್ರೆಯ ಒಂದು ಕಾರ್ಡು. ಮೂರೇ ಸಾಲು. ಬಂದರಿನಲ್ಲಿ ಬೆಂಕಿ ಬಿದ್ದಿದೆ, ನಾನು ಕ್ಷೇಮ, ನಮ್ಮ ಊರಿನ ಇಬ್ಬರನ್ನು ಹುಡುಕುತ್ತಿದ್ದೇವೆ. ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿ, ಸ್ಫೋಟಕ ತುಂಬಿದ್ದ ಫೋರ್ಟ್ ಸ್ಟಿಕೀನ್ ಹಡಗು ಸಿಡಿದ ಘಟನೆ ಅದು. ಆ ಇಬ್ಬರ ಸುದ್ದಿ ಹೇಳುವ ಮುಂದಿನ ಕಾರ್ಡು ತಂತಿಯಲ್ಲಿಲ್ಲ. ಸಾವಿನ ಕಾರ್ಡನ್ನು ಮನೆಯೊಳಗೆ ಇಡಬಾರದೆಂದು ಓದಿದ ಕೂಡಲೇ ಹರಿದು ಹಾಕುವ ಪದ್ಧತಿ ನಮ್ಮಲ್ಲಿದೆ. 154 ಕಾರ್ಡುಗಳಲ್ಲಿ ಒಂದೂ ಸಾವಿನ ಸುದ್ದಿ ಇಲ್ಲದ್ದಕ್ಕೆ ಅದೇ ಕಾರಣ.

ಕೊನೆಯ ಲಕೋಟೆಗಳಲ್ಲಿ ಬಲೆಯದೇ ಮಾತು. 1970ರ ದಶಕದ ನಡುವಿನಲ್ಲಿ ಪರ್ಸಿನ್ ಬಲೆಯ ಯಾಂತ್ರಿಕ ಬೋಟುಗಳು ಬಂದು ರಂಪಣಿ ಮೂಲೆಗೆ ಬಿದ್ದ ಕಾಲ. ರಂಪಣಿ ಒಬ್ಬರ ಬಲೆಯಲ್ಲ. ಮನೆಮನೆಯವರು ಬಲೆಯ ತುಂಡು ತಂದು ಜೋಡಿಸಿ, ದೋಣಿಯಿಂದ ಕಡಲಿಗೆ ಅರ್ಧಚಂದ್ರವಾಗಿ ಬಿಟ್ಟು, ಎರಡು ಬದಿಯ ಹಗ್ಗವನ್ನು ದಡದಿಂದ ಇಡೀ ಕೇರಿಯೇ ನಿಂತು ಎಳೆಯುತ್ತಿದ್ದ ಬಲೆ. ಬಂದ ಮೀನಿನಲ್ಲಿ ಬಲೆಗೊಂದು ಪಾಲು, ದೋಣಿಗೊಂದು ಪಾಲು, ಎಳೆದವರಿಗೊಂದು ಪಾಲು. ಬೋಟಿನವರು ಆಳದಲ್ಲೇ ಬೂತಾಯಿ, ಬಂಗುಡೆಯ ಹಿಂಡನ್ನು ಸುತ್ತುಗಟ್ಟಿ ಎತ್ತತೊಡಗಿದ ಮೇಲೆ ದಡಕ್ಕೆ ಬರುವ ಮೀನು ಕಡಿಮೆಯಾಯಿತು. ನಮ್ಮ ಮನೆಯ ಬಲೆಯ ಪಾಲನ್ನು ಮಾರಿದ ಸುದ್ದಿ ತಿಳಿದು ಅಜ್ಜ 1979ರಲ್ಲಿ ಬರೆದ ಕಾರ್ಡಿನಲ್ಲಿ ಬೇಸರದ ಒಂದು ಶಬ್ದವೂ ಇಲ್ಲ. ದುಡ್ಡು ಎಷ್ಟು ಬಂತು, ಬಲೆಯ ಸೀಸದ ಗುಂಡುಗಳನ್ನು ಕೊಟ್ಟಿರೋ ಇಟ್ಟುಕೊಂಡಿರೋ ಎಂದು ಕೇಳಿದ್ದಾರೆ, ಅಷ್ಟೆ. ಗುಂಡುಗಳು ಮನೆಯಲ್ಲೇ ಇವೆ. ಅವುಗಳ ಮಾತು ಮುಂದೆ ಬರುತ್ತದೆ.

ಸೆಪ್ಟೆಂಬರ್ 15 ರಿಂದ ಅಕ್ಟೋಬರ್ 6: ಸ್ಕ್ಯಾನ್, ಎರಡು ಸಲ

ಬಳಸಿದ ಫ್ಲಾಟ್‌ಬೆಡ್ ಸ್ಕ್ಯಾನರ್ 4,500 ರೂಪಾಯಿ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ 350.

ಮೊದಲು ಭೂತಗನ್ನಡಿ. ಚಿತ್ರದ ಕಾರ್ಡಿನಲ್ಲಿ ಸಾಲುಸಾಲಾಗಿ ಚುಕ್ಕಿಗಳು ಕಂಡರೆ ಅದು ಬ್ಲಾಕಿನಿಂದ ಅಚ್ಚಾದದ್ದು. ಸಾಲಿಲ್ಲದೆ ಹುಳುಹುಳುವಾಗಿ ಸುಕ್ಕಿದ ಕಣಗಳು ಕಂಡರೆ ಕೊಲೊಟೈಪ್. ಏನೂ ಕಾಣದೆ ನುಣ್ಣಗಿದ್ದರೆ ನಿಜವಾದ ಫೋಟೋ. ನಮ್ಮ ಒಂಬತ್ತರಲ್ಲಿ ಐದು ಚುಕ್ಕಿಯವು, ಎರಡು ಕೊಲೊಟೈಪ್, ಎರಡು ಫೋಟೋ.

ಚುಕ್ಕಿಯವನ್ನು 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕಿ) ಸ್ಕ್ಯಾನ್ ಮಾಡಿದೆ. ಆಕಾಶದ ಮೇಲೆ ರೇಷ್ಮೆ ಸೀರೆಯ ಅಲೆಯಂಥ ಗೆರೆಗಳು ಎದ್ದವು. 1200ಕ್ಕೆ ಏರಿಸಿದ ಮೇಲೆ ಹೋದವು. ಒಂದು ಬದಿಯ ಫೈಲು ಸುಮಾರು 85 ಎಂಬಿ. ಸಾದಾ ಕಾರ್ಡಿಗೆ 600 ಸಾಕು. ಎರಡೂ ಬದಿ ಸೇರಿ 326 ಫೈಲು, ಒಟ್ಟು ಸುಮಾರು 8 ಜಿಬಿ.

ಇಡೀ ಕೆಲಸದ ದೊಡ್ಡ ತಪ್ಪು ಇಲ್ಲಿ ಆಯಿತು. ಸ್ಕ್ಯಾನರಿನ ತಂತ್ರಾಂಶದಲ್ಲಿ ಅಂಚನ್ನು ತಾನೇ ಕತ್ತರಿಸುವ ಆಯ್ಕೆ ಇತ್ತು. ನೋಡಲು ಅಚ್ಚುಕಟ್ಟಾಗಿರುತ್ತದೆಂದು ಅದನ್ನು ಹಾಕಿಟ್ಟು ಅರುವತ್ತು ಕಾರ್ಡು ಮುಗಿಸಿದೆ. ಅದು ಕಾರ್ಡಿನ ಬಿಳಿ ಅಂಚಿನ ಜೊತೆಗೆ ಚಿತ್ರದ ಎರಡು ಮಿಲಿಮೀಟರನ್ನೂ ಕತ್ತರಿಸುತ್ತಿತ್ತು. ಆ ಎರಡು ಮಿಲಿಮೀಟರಿನಲ್ಲಿ ಏನಿತ್ತೆಂದು ಮುಂದಿನ ತಿಂಗಳವರೆಗೆ ನನಗೆ ತಿಳಿಯಲಿಲ್ಲ.

ಅಕ್ಟೋಬರ್ 11 ರಿಂದ ನವೆಂಬರ್ 16: ಅಳಿವೆ ಯಾವ ಕಡೆಗಿದೆ?

ಚಿತ್ರದ ಕಾರ್ಡುಗಳು ಮನೆಗೆ ಬಂದದ್ದು ಅಜ್ಜಿಯ ಸೋದರಮಾವನಿಂದ. ಅವರು ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚು ಶುರು ಮಾಡಿ 1886ರಲ್ಲಿ ಮಲ್ಪೆಯಲ್ಲೂ ಒಂದು ಕಾರ್ಖಾನೆ ತೆರೆಯಿತು. ನಮ್ಮ ಅಟ್ಟದ ಸೋರುವ ಹಂಚನ್ನು ತಿರುಗಿಸಿ ನೋಡಿದರೆ ಬೆನ್ನಿನಲ್ಲಿ ಅದೇ ಹೆಸರು, ಅದೇ 1865. ಕಾರ್ಡುಗಳಲ್ಲಿ ನಾಲ್ಕರ ಕೆಳಗೆ ಜರ್ಮನ್ ಭಾಷೆಯ ಒಕ್ಕಣೆ. ಹಿಂಬದಿಯಲ್ಲಿ ನಡುವೆ ಗೆರೆ ಎಳೆದು ಒಂದು ಕಡೆ ಬರಹ, ಇನ್ನೊಂದು ಕಡೆ ವಿಳಾಸ. ಹೀಗೆ ಇಬ್ಭಾಗ ಮಾಡಿದ ಬೆನ್ನಿಗೆ ಅಂತರರಾಷ್ಟ್ರೀಯ ಅಂಚೆಯ ಒಪ್ಪಿಗೆ ಜಾರಿಗೆ ಬಂದದ್ದು 1907ರ ಅಕ್ಟೋಬರ್‌ನಲ್ಲಿ. ಹಲವು ದೇಶಗಳು ಅದಕ್ಕೆ ಕೆಲವು ವರ್ಷ ಮೊದಲೇ ಶುರು ಮಾಡಿದ್ದವು. 1914ರಲ್ಲಿ ಮಹಾಯುದ್ಧ ಹತ್ತಿದ ಮೇಲೆ ಜರ್ಮನ್ ಪಾದ್ರಿಗಳು ಇಲ್ಲಿ ಉಳಿಯಲಿಲ್ಲ. ಕಾರ್ಡುಗಳ ಕಾಲ ಈ ಹತ್ತು ಹನ್ನೆರಡು ವರ್ಷಗಳ ಒಳಗೇ ಬಂತು.

ಅವುಗಳಲ್ಲಿ ಒಂದರ ಮೇಲೆ ಮಲ್ಪೆ ಎಂದಷ್ಟೇ ಅಚ್ಚಾಗಿದೆ. ಮರಳಿನಲ್ಲಿ ಎಳೆದಿಟ್ಟ ಪಾತಿ ದೋಣಿಗಳು, ಒಣಗಲು ಹರವಿದ ಬಲೆ, ಹಿಂದೆ ಕಡಲು, ಕಡಲಲ್ಲಿ ದ್ವೀಪದ ಸಾಲು. ಬಲಗಡೆ ಅಳಿವೆ (ಹೊಳೆ ಕಡಲು ಸೇರುವ ಬಾಯಿ), ಅದರಲ್ಲಿ ಹಾಯಿ ಇಳಿಸಿದ ಒಂದು ಮಂಜಿ, ಅಂದರೆ ಸರಕಿನ ಹಾಯಿದೋಣಿ. 1200 ಡಿಪಿಐಯಲ್ಲಿ ಹಿಗ್ಗಿಸಿದಾಗ ಎಡ ಮೂಲೆಯಲ್ಲಿ ಬೆನ್ನು ತಿರುಗಿಸಿ ಕುಳಿತ ಒಬ್ಬ ಹೆಂಗಸು ಕಂಡಳು. ಪಕ್ಕದಲ್ಲಿ ಬುಟ್ಟಿ, ಬುಟ್ಟಿಯ ಅಂಚಿಗೆ ಒತ್ತಿ ಹಿಡಿದ ಒಂದು ಮಗುವಿನ ಕೈ. ಮಗುವಿನ ಮೈ ಕಾಣುವುದಿಲ್ಲ, ಕೈ ಮಾತ್ರ. ಬರಿಗಣ್ಣಿಗೆ ಅದೊಂದು ಬಿಳಿ ಚುಕ್ಕಿ.

ಅದೇ ಜಾಗದಲ್ಲಿ ನಿಂತು ಈಗಿನ ಫೋಟೋ ತೆಗೆದು ಪಕ್ಕಪಕ್ಕ ಇಡಬೇಕೆಂಬುದು ನನ್ನ ಯೋಜನೆ. ಮಲ್ಪೆಯ ಕಡಲ ತಡಿಯಲ್ಲಿ ಪಡುವಣಕ್ಕೆ ಮುಖ ಮಾಡಿ ನಿಂತರೆ ಅಳಿವೆ ಎಡಕ್ಕೆ, ಅಂದರೆ ತೆಂಕಿಗೆ ಬರುತ್ತದೆ. ಕಾರ್ಡಿನಲ್ಲಿ ಬಲಕ್ಕಿದೆ. ಗಾಜಿನ ಪ್ಲೇಟನ್ನು (ನೆಗೆಟಿವ್) ತಿರುವುಮುರುವು ಮಾಡಿ ಅಚ್ಚು ಹಾಕಿದ್ದಾರೆಂದು ತೀರ್ಮಾನಿಸಿ, ಕಂಪ್ಯೂಟರಿನಲ್ಲಿ ಚಿತ್ರವನ್ನು ಮಗುಚಿದೆ. ಎರಡು ಬೆಳಗು ತಡಿಯಲ್ಲಿ ಅಲೆದರೂ ದ್ವೀಪಗಳ ಸಾಲು ಹೊಂದಲಿಲ್ಲ. ಮಂಜು ಕವಿದಿದೆ ಎಂದುಕೊಂಡೆ. ಮೂರಡಿ ಅಗಲದ ಸನ್‌ಬೋರ್ಡಿನಲ್ಲಿ ಮಗುಚಿದ ಚಿತ್ರವನ್ನೇ ಮುದ್ರಿಸಿಯೂ ಆಯಿತು. 1,100 ರೂಪಾಯಿ.

ಆ ಬೋರ್ಡನ್ನು ನೆರೆಮನೆಯ ಅಜ್ಜನಿಗೆ ತೋರಿಸಿದೆ. ರಂಪಣಿ ಎಳೆದ ಕೈ, ಎಂಬತ್ತು ದಾಟಿದೆ. ಬಹಳ ಹೊತ್ತು ನೋಡಿ, "ಇದು ಯಾವ ಹೊತ್ತಿನ ಚಿತ್ರ?" ಎಂದು ಕೇಳಿದರು.

"ಬೆಳಗಿನದ್ದು ಅಜ್ಜ. ದೋಣಿಯ ನೆರಳು ಕಡಲ ಕಡೆಗೆ ಬಿದ್ದಿದೆ."

"ಬಲೆ ಒಣಹಾಕಿದ್ದಾರೆ, ಆಕಾಶದಲ್ಲಿ ಮೋಡವಿಲ್ಲ. ಮಳೆ ಕಳೆದ ಮೇಲಿನ ತಿಂಗಳು. ಆಗ ಸೂರ್ಯ ತೆಂಕಿಗೆ ಸರಿದಿರುತ್ತಾನೆ. ಬೆಳಗಿನ ನೆರಳು ಬಡಗಿಗೆ ವಾಲಬೇಕು. ನಿಮ್ಮ ಬೋರ್ಡಿನಲ್ಲಿ ತೆಂಕಿಗೆ ವಾಲಿದೆ."

ಮೂಲ ಕಾರ್ಡನ್ನು ತಂದುಕೊಟ್ಟೆ. ಅದರಲ್ಲಿ ನೆರಳು ಬಲಕ್ಕೆ, ಬಡಗಿಗೆ ವಾಲಿತ್ತು. ಅವರು ಅಳಿವೆಯ ಮೇಲೆ ಬೆರಳಿಟ್ಟರು. "ಅಳಿವೆ ಬಲಕ್ಕೆ ಬರಬೇಕಾದರೆ ನೀವು ಹೊಳೆಯ ಆಚೆ ನಿಂತಿರಬೇಕು. ಇದು ಪಡುಕೆರೆಯಿಂದ ತೆಗೆದದ್ದು."

ಉದ್ಯಾವರ ಹೊಳೆ ಕಡಲಿಗೆ ಸಮವಾಗಿ ಬಡಗಿಗೆ ಹರಿದು ಮಲ್ಪೆಯಲ್ಲಿ ಕಡಲು ಸೇರುತ್ತದೆ. ಹೊಳೆಗೂ ಕಡಲಿಗೂ ನಡುವಿನ ಮರಳ ನಾಲಗೆಯೇ ಪಡುಕೆರೆ. ಅಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಅಳಿವೆ ಬಲಕ್ಕೇ ಬರಬೇಕು. ಊರಿನವನಾಗಿಯೂ ನನಗೆ ಹೊಳೆದಿರಲಿಲ್ಲ, ಏಕೆಂದರೆ ಕಾರ್ಡಿನ ಒಕ್ಕಣೆ ಮಲ್ಪೆ ಎನ್ನುತ್ತಿತ್ತು.

ಆ ರಾತ್ರಿ ಅಂಚು ಕತ್ತರಿಸದೆ ಮತ್ತೆ ಸ್ಕ್ಯಾನ್ ಮಾಡಿದೆ. ಕೆಳಗಿನ ಬಲ ಮೂಲೆಯಲ್ಲಿ, ಚಿತ್ರ ಬಿಳಿ ಅಂಚಿಗೆ ತಾಗುವಲ್ಲಿ, ಗಾಜಿನ ಪ್ಲೇಟಿನ ಮೇಲೆ ಗೀರಿ ಬರೆದ 27 ಎಂಬ ಚಿಕ್ಕ ಅಂಕಿ ಬಂತು. 7ರ ನಡುವಿಗೆ ಯುರೋಪಿನವರು ಎಳೆಯುವ ಅಡ್ಡಗೆರೆ. ಅಂಕಿ ನೆಟ್ಟಗೇ ಇತ್ತು. ಪ್ಲೇಟು ಮಗುಚಿದ್ದರೆ ಅಂಕಿಯೂ ಮಗುಚಿರುತ್ತಿತ್ತು. ನಾನು ಕತ್ತರಿಸಿ ಎಸೆದ ಎರಡು ಮಿಲಿಮೀಟರ್ ಅದು. ಮರುದಿನದಿಂದ ಅರುವತ್ತು ಕಾರ್ಡುಗಳನ್ನೂ ಹಿಂದೆ ಕಪ್ಪು ಕಾಗದ ಇಟ್ಟು, ಸುತ್ತಲೂ ಐದು ಮಿಲಿಮೀಟರ್ ಬಿಟ್ಟು, ಹೊಸದಾಗಿ ಸ್ಕ್ಯಾನ್ ಮಾಡಿದೆ. ಒಂಬತ್ತು ಸಂಜೆ ಹಿಡಿಯಿತು.

ನವೆಂಬರ್ 16ರ ಬೆಳಗ್ಗೆ ಪಡುಕೆರೆಯ ತುದಿಗೆ ಹೋದೆ. ಮರ, ಮನೆ, ದಿಬ್ಬಗಳನ್ನು ನಂಬುವಂತಿಲ್ಲ, ಮರಳು ಪ್ರತಿ ಮಳೆಗಾಲಕ್ಕೂ ಸರಿಯುತ್ತದೆ. ಹತ್ತಿರದ ದ್ವೀಪದ ಬಂಡೆಯ ತುದಿ, ಅದರ ಹಿಂದಿನ ದೂರದ ದ್ವೀಪದ ಬೆನ್ನು, ಇವೆರಡರ ನಡುವಿನ ಅಂತರವನ್ನು ಕಾರ್ಡಿನ ನಕಲಿನ ಮೇಲೆ ಸ್ಕೇಲಿನಿಂದ ಅಳೆದುಕೊಂಡಿದ್ದೆ: 11 ಮಿ.ಮೀ. ಮೊಬೈಲಿನಲ್ಲಿ ಅದೇ ಪ್ರಮಾಣ ಬರುವವರೆಗೆ ತೆಂಕಿಗೂ ಬಡಗಿಗೂ ನಡೆದೆ. ಹೊಂದಿದ ಜಾಗದಲ್ಲಿ ಈಗ ತಡೆಗೋಡೆಯ ಕಲ್ಲುಗಳಿವೆ. ಮಂಜಿ ನಿಂತಿದ್ದಲ್ಲಿ ಬೋಟುಗಳು ಒಂದರ ಹಿಂದೊಂದು ದಕ್ಕೆಯ ಕಡೆಗೆ ಹೋಗುತ್ತಿದ್ದವು. ಹೆಂಗಸು ಕುಳಿತಿದ್ದ ಜಾಗ ನೀರಿನಲ್ಲಿತ್ತು.

ನವೆಂಬರ್ 20 ರಿಂದ ಡಿಸೆಂಬರ್ 19: ತಿರುಗಿಸಬಹುದಾದ ಚೌಕಟ್ಟು

ಕಾರ್ಡಿನ ಒಂದೇ ಬದಿ ತೋರಿಸಿದರೆ ಅರ್ಧ ಹೇಳಿದಂತೆ. ನೋಡುವವರು ಕೈಯಿಂದ ತಿರುಗಿಸುವಂತಿರಬೇಕು ಎಂದು 3 ಮಿ.ಮೀ. ಅಕ್ರಿಲಿಕ್ ಹಾಳೆಯನ್ನು 250 × 175 ಮಿ.ಮೀ. ಅಳತೆಗೆ ಕತ್ತರಿಸಿಸಿದೆ. ಎರಡು ಹಾಳೆಯ ನಡುವೆ ಒಂದೂವರೆ ಪಟ್ಟು ಹಿಗ್ಗಿಸಿದ ನಕಲು, ಮುಂದೆ ಒಂದು, ಹಿಂದೆ ಒಂದು. ಮೂಲ ಕಾರ್ಡುಗಳು ಡಬ್ಬಿ ಬಿಟ್ಟು ಹೊರಬರಲಿಲ್ಲ. 24 ಚೌಕಟ್ಟು, ಒಂದಕ್ಕೆ 240ರಂತೆ 5,760. ಮುದ್ರಣ 1,900. ಮರದ ಪಟ್ಟಿ, ಕೊಕ್ಕೆ, ದಾರ 1,350.

ಎರಡು ಬದಿಯ ನಕಲುಗಳನ್ನು ಹೊಂದಿಸಲು ತಂತಿಯ ತೂತೇ ಗುರುತಾಯಿತು. ಎರಡೂ ಹಾಳೆಯಲ್ಲಿ ತೂತಿನ ಜಾಗಕ್ಕೆ ಸೂಜಿ ಚುಚ್ಚಿ, ಬೆಳಕಿಗೆ ಹಿಡಿದು ಕೂರಿಸಿದರೆ ಕೂದಲಷ್ಟೂ ತಪ್ಪುವುದಿಲ್ಲ.

ಅಕ್ರಿಲಿಕ್ಕಿಗೆ ತೂತು ಕೊರೆಯುವಾಗ ಐದು ಹಾಳೆ ಸೀಳಿದವು. ಅಂಚಿನಿಂದ 6 ಮಿ.ಮೀ. ಬಿಟ್ಟು, ವೇಗವಾಗಿ ಕೊರೆದದ್ದು ಕಾರಣ. ಅಂಗಡಿಯವರು ಉಳಿದ ತುಂಡುಗಳಲ್ಲಿ ಐದು ಕತ್ತರಿಸಿಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ. ಆಮೇಲೆ 12 ಮಿ.ಮೀ. ಬಿಟ್ಟು, ಮೇಲೆ ಕಾಗದದ ಟೇಪು, ಕೆಳಗೆ ಮರದ ತುಂಡು ಇಟ್ಟು, ಮೊದಲು 3 ಮಿ.ಮೀ., ಆಮೇಲೆ 5 ಮಿ.ಮೀ., ನಿಧಾನವಾಗಿ. ಒಂದೂ ಸೀಳಲಿಲ್ಲ.

ಭಜನಾ ಮಂದಿರದ ಜಗಲಿಯಲ್ಲಿ ಪರೀಕ್ಷೆಗೆ ತೂಗಿಸಿದಾಗ ಮಧ್ಯಾಹ್ನದ ಕಡಲ ಗಾಳಿಗೆ ಚೌಕಟ್ಟುಗಳು ಗಿರಗಿರ ತಿರುಗಿ ಒಂದಕ್ಕೊಂದು ಬಡಿದವು. ನಡುವಿನ ಅಂತರವನ್ನು 300ರಿಂದ 400 ಮಿ.ಮೀ.ಗೆ ಏರಿಸಿದೆ, ಸಾಲಲಿಲ್ಲ. ಆಗ ಅಟ್ಟದ ಡಬ್ಬಿಯಲ್ಲಿದ್ದ ರಂಪಣಿಯ ಸೀಸದ ಗುಂಡುಗಳ ನೆನಪಾಯಿತು. ಪ್ರತಿ ಚೌಕಟ್ಟಿನ ಕೆಳಗೆ ಟಂಗೂಸು (ನೈಲಾನ್) ದಾರದಲ್ಲಿ ಎರಡೆರಡು ಗುಂಡು ಕಟ್ಟಿದೆ. ನಿಂತವು. ಕೈಯಿಂದ ತಿರುಗಿಸಿ ಬಿಟ್ಟರೆ ಮೆಲ್ಲನೆ ತಮ್ಮ ಜಾಗಕ್ಕೆ ಮರಳುತ್ತವೆ. ಸೀಸ ಮುಟ್ಟಿದ ಕೈ ತೊಳೆಯಬೇಕೆಂದು ಅದಕ್ಕೆ ಬಣ್ಣದ ಲೇಪ ಕೊಟ್ಟೆ, ಮಕ್ಕಳು ಮುಟ್ಟುತ್ತಾರೆ.

ಯಾವ ಕಾರ್ಡು ಇಡಬೇಕೆಂಬುದನ್ನು ನಾನೊಬ್ಬನೇ ನಿರ್ಧರಿಸಲಿಲ್ಲ. ಅಮ್ಮ, ಚಿಕ್ಕಮ್ಮ, ಮಾವ ಕುಳಿತು ಎಲ್ಲವನ್ನೂ ಓದಿದರು. ಸಾಲದ ವಿಷಯ, ಒಂದು ಮದುವೆ ಮುರಿದ ವಿಷಯ ಇದ್ದ 11 ಕಾರ್ಡುಗಳನ್ನು ಬೇಡವೆಂದರು. ಅವು ಸ್ಕ್ಯಾನ್ ಆಗಿವೆ, ಮನೆಯಲ್ಲಿವೆ, ಹೊರಗೆ ಬರುವುದಿಲ್ಲ.

ಇಲ್ಲಿ ಹೇಳದ ಸಣ್ಣಪುಟ್ಟವೂ ಸೇರಿ ಒಟ್ಟು ಖರ್ಚು 20,510 ರೂಪಾಯಿ. ಅದರಲ್ಲಿ ಪಿವಿಸಿ ಆಲ್ಬಮ್ಮಿಗೂ ಮಗುಚಿದ ಬೋರ್ಡಿಗೂ ಹೋದದ್ದು 1,660.

ಡಿಸೆಂಬರ್ 20: ಮಂಗಳೋತ್ಸವ

ಭಜನೆಯ ಮಂಗಳೋತ್ಸವದ ರಾತ್ರಿ ಪ್ರದರ್ಶನ. ಚಿತ್ರದ ಕಾರ್ಡುಗಳ ಮುಂದೆ ಯುವಕರು, ಸಾದಾ ಕಾರ್ಡುಗಳ ಮುಂದೆ ಹಿರಿಯರು. ಒಬ್ಬ ಮುದುಕಿ 1952ರ ಕಾರ್ಡಿನ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೊಮ್ಮಗಳಿಂದ ಓದಿಸಿಕೊಂಡರು. ಮುಂಬಯಿಯಿಂದ ಹತ್ತು ರೂಪಾಯಿ ಮನಿಯಾರ್ಡರ್ ಮಾಡಿದ್ದೇನೆ, ಅದರಲ್ಲಿ ಎರಡು ರೂಪಾಯಿಯನ್ನು ಪಕ್ಕದ ಮನೆಗೆ ಕೊಡಿ ಎಂಬ ಕಾರ್ಡು. ಪಕ್ಕದ ಮನೆ ಅವರದು. ಆ ಎರಡು ರೂಪಾಯಿ ತಲುಪಿತ್ತು ಎಂದು ನನಗೆ ಹೇಳಿದರು.

ಮೂರು ದಿನಗಳ ನಂತರ ಅವರ ಮಗ ಒಂದು ಪ್ಲಾಸ್ಟಿಕ್ ಚೀಲ ತಂದುಕೊಟ್ಟರು. ಒಳಗೆ ತಂತಿಯ ಸಮೇತ ಇನ್ನೊಂದು ಕಟ್ಟು. ಬದಿಯಿಂದ ಎಣಿಸಿದರೆ 61 ಕಾರ್ಡುಗಳು, ಕೆಳಗಿನ ಇಪ್ಪತ್ತು ಒಂದೇ ಇಟ್ಟಿಗೆಯಂತೆ ಅಂಟಿವೆ. ತಂತಿಗೆ ಮೇಣ ಹಚ್ಚಿ, ಎರಡು ಕಡೆ ಕತ್ತರಿಸಿ, ಕಟ್ಟನ್ನು ಸಿಲಿಕಾ ಜೆಲ್ಲಿನ ಡಬ್ಬಿಯಲ್ಲಿಟ್ಟಿದ್ದೇನೆ. ಇವತ್ತು ಬೆಳಗ್ಗೆ ಮಾಪಕ 71 ತೋರಿಸುತ್ತಿದೆ. 55ಕ್ಕೆ ಇಳಿಯುವವರೆಗೆ ಕೈ ಹಾಕುವುದಿಲ್ಲ.